ಹಣೆ, ಹೆಗಲು, ಹೆಸರು: ಬೆಂಗಳೂರಿನಲ್ಲಿ ಕಣ್ಣಿಗೆ ಬೀಳುವ ಗುರುತುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಾತಿ, ಧರ್ಮ, ಕೆಲಸ, ದುಡ್ಡು, ಊರು. ಇವನ್ನೆಲ್ಲ ನಾವು ಬಾಯಿಬಿಟ್ಟು ಕೇಳುವುದು ಕಡಿಮೆ, ಕಣ್ಣಲ್ಲೇ ಓದುವುದು ಜಾಸ್ತಿ. ಈ ವಿಷಯ ಎತ್ತಿದಾಗಲೆಲ್ಲ ಮಾತಿನಲ್ಲಿ, ಪತ್ರಗಳಲ್ಲಿ, ಕಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆ ಕೇಳಿದವರ ಮಾತಲ್ಲೇ ಇದೆ. ಸುಲಭದ್ದು ಮೊದಲು, ಜಗಳ ಹುಟ್ಟಿಸುವಂಥದ್ದು ಕೊನೆಗೆ.

## ಶುರುವಿಗೆ

ಗುರುತು ಅಂದ್ರೆ ಏನು? ಬಟ್ಟೆ, ಒಡವೆ ಇಷ್ಟೇನಾ?

ನೋಡಿದ ತಕ್ಷಣ "ಇವರು ಇಂಥವರು" ಎಂದು ಎದುರಿನವರಿಗೆ ಅನ್ನಿಸುವಂತೆ ಮಾಡುವುದೆಲ್ಲ ಗುರುತೇ. ಹಣೆಯ ವಿಭೂತಿ, ತಲೆಯ ಟೋಪಿ, ಕುತ್ತಿಗೆಯ ಶಿಲುಬೆ, ಆಟೋ ಹಿಂದಿನ ಶಂಕರ್ ನಾಗ್ ಚಿತ್ರ, ಮನೆ ಬಾಗಿಲ ಮೇಲಿನ 786, ಡಿಸೆಂಬರ್ ಬಂದರೆ ಫ್ರೇಜರ್ ಟೌನಿನ ಬಾಲ್ಕನಿಗಳಲ್ಲಿ ತೂಗುವ ಕಾಗದದ ನಕ್ಷತ್ರ, ಕಾಲಿನ ಚಪ್ಪಲಿ, ಕೈಯ ಫೋನು.

ಕೆಲವು "ನಾನು ಇವರ ಪೈಕಿ" ಎಂದು ಹೇಳುತ್ತವೆ. ಕೆಲವು "ನಾನು ಇಷ್ಟು ಮೇಲಿದ್ದೇನೆ" ಎಂದು ಹೇಳುತ್ತವೆ. ಎಷ್ಟೋ ಸಲ ಒಂದೇ ವಸ್ತು ಎರಡನ್ನೂ ಹೇಳುತ್ತದೆ. ಶಿಲುಬೆ ಧರ್ಮ ಹೇಳಿದರೆ, ಅದು ಬಂಗಾರದ್ದಾ ಮರದ್ದಾ ಎನ್ನುವುದು ಸ್ಥಿತಿಗತಿ ಹೇಳುತ್ತದೆ. ಆದರೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುವ ವಿಷಯ ಬೇರೆ ಇದೆ. ಆ ಗುರುತನ್ನು ಹಾಕಿದ್ದು ಯಾರು? ಬೇಡ ಅನ್ನಿಸಿದ ದಿನ ತೆಗೆದಿಡುವ ಸ್ವಾತಂತ್ರ್ಯ ಹಾಕಿಕೊಂಡವರಿಗೆ ಇದೆಯಾ? ಕೆಳಗಿನ ಉತ್ತರಗಳಲ್ಲಿ ಈ ಮಾತಿಗೆ ಮತ್ತೆ ಮತ್ತೆ ಬರುತ್ತೇನೆ.

ಹಣೆ ನೋಡಿ ಯಾರು ಏನು ಅಂತ ನಿಜವಾಗ್ಲೂ ಹೇಳಬಹುದಾ?

ಗೊತ್ತಿದ್ದವರು ತಕ್ಕಮಟ್ಟಿಗೆ ಹೇಳುತ್ತಾರೆ. ಅಯ್ಯಂಗಾರರಲ್ಲಿ ತೆಂಕಲೆಯವರ ನಾಮಕ್ಕೆ ಕೆಳಗೆ ಮೂಗಿನ ಮೇಲೆ ಪಾದ ಇಳಿದಿರುತ್ತದೆ, ವಡಕಲೆಯವರ ನಾಮದ ಬುಡ ಗುಂಡಗಿರುತ್ತದೆ. ಮಾಧ್ವರಲ್ಲಿ ಗೋಪಿಚಂದನ, ಕಪ್ಪು ಗೆರೆಯ ಅಂಗಾರ, ಅದರ ಕೆಳಗೆ ಅಕ್ಷತೆ. ಸ್ಮಾರ್ತರೂ ಲಿಂಗಾಯತರೂ ವಿಭೂತಿಯನ್ನು ಅಡ್ಡಕ್ಕೆ ಹಚ್ಚುತ್ತಾರೆ. ಹಾಗಾಗಿ ಅಡ್ಡ ವಿಭೂತಿ ನೋಡಿ ಇವರು ಇಂಥವರೇ ಎಂದು ತೀರ್ಮಾನ ಮಾಡುವಂತಿಲ್ಲ. ಲಿಂಗಾಯತರ ಮುಖ್ಯ ಗುರುತು ಮೈಮೇಲಿನ ಇಷ್ಟಲಿಂಗ. 12ನೇ ಶತಮಾನದ ಶರಣರ ಕಾಲದಲ್ಲಿ ಇದು ಬಹಳ ದೊಡ್ಡ ಹೆಜ್ಜೆ, ಯಾಕೆಂದರೆ ಗಂಡಸರಿಗೆ ಹೇಗೋ ಹೆಂಗಸರಿಗೂ ಹಾಗೇ ಅದನ್ನು ಕೊಟ್ಟರು, ಯಾವ ಕಸುಬಿನವರು ಎಂದು ನೋಡದೆ ಕೊಟ್ಟರು. ಇವತ್ತು ಬೆಂಗಳೂರಿನಲ್ಲಿ ಅದು ಬಹುತೇಕ ಅಂಗಿಯ ಒಳಗೇ ಇರುತ್ತದೆ.

ನಗರದಲ್ಲಿ ಹಣೆ ಪೂರ್ತಿ ಕಥೆ ಹೇಳುವುದಿಲ್ಲ. ಬೆಳಗ್ಗೆ ಪೂಜೆಗೆ ಹಚ್ಚಿದ್ದನ್ನು ಆಫೀಸಿಗೆ ಹೊರಡುವ ಮುಂಚೆ ಒರೆಸಿಕೊಳ್ಳುವವರು ಬೇಕಾದಷ್ಟು ಜನ. ದೇವಸ್ಥಾನಕ್ಕೆ ಹೋಗಿ ಕುಂಕುಮ ಇಟ್ಟುಕೊಂಡು ಬಂದವರು ಯಾವ ಜಾತಿಯವರಾದರೂ ಆಗಿರಬಹುದು.

ತಾಳಿ, ಕಾಲುಂಗುರ ಹಾಕದಿದ್ರೆ ಮದುವೆ ಆಗಿಲ್ಲ ಅಂತಾನಾ?

ಅಲ್ಲ. ಮದುವೆ ಆಗಿರುವುದಕ್ಕೂ ಅದನ್ನು ಮೈಮೇಲೆ ಹೊತ್ತು ತಿರುಗುವುದಕ್ಕೂ ಕಾನೂನಿನಲ್ಲಿ ಯಾವ ಸಂಬಂಧವೂ ಇಲ್ಲ. ಗಂಡಸಿನ ಮೈಮೇಲೆ ಮದುವೆಯ ಗುರುತು ಯಾಕೆ ಇಷ್ಟು ಕಡಿಮೆ ಎಂದು ಒಮ್ಮೆ ಯೋಚಿಸಿ.

ಗುರುತು ಓದುವ ಕುತೂಹಲ ಇರುವವರಿಗೆ ತಾಳಿಯಲ್ಲಿ ತುಂಬಾ ವಿಷಯ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎರಡು ಬೊಟ್ಟು, ಒಂದು ತವರಿನದು, ಒಂದು ಗಂಡನ ಮನೆಯದು. ಕೊಡವ ಹೆಣ್ಣುಮಕ್ಕಳದು ಪತ್ತಾಕ್ ಎನ್ನುವ ಒಡವೆ. ಅವರ ಸೀರೆಯ ನೆರಿಗೆಯೂ ಹಿಂದಕ್ಕೆ ಬರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಕರಿಮಣಿ ಹಿಂದೂಗಳದ್ದು ಮಾತ್ರ ಅಂದುಕೊಂಡವರಿಗೆ ಒಂದು ಮಾತು: ದಖ್ಖನಿ ಮುಸ್ಲಿಂ ಮನೆಗಳಲ್ಲಿ ಮದುವೆಗೆ ಕರಿಮಣಿಯ ಲಚ್ಚಾ ಹಾಕುತ್ತಾರೆ, ಕೆಲವು ಕ್ರೈಸ್ತ ಮನೆಗಳಲ್ಲಿ ಚರ್ಚಿನಲ್ಲೇ ತಾಳಿ ಕಟ್ಟುತ್ತಾರೆ.

ಇದರ ಇನ್ನೊಂದು ಮುಖ ಗಂಡ ಸತ್ತ ಮೇಲೆ ಕಾಣುತ್ತದೆ. ಬಳೆ ಒಡೆದು, ಕುಂಕುಮ ಅಳಿಸಿ, ಅರಿಶಿನ ಕುಂಕುಮಕ್ಕೆ ಕರೆಯದೆ ಬಿಡುವುದು. ಗುರುತು ಕಿತ್ತುಕೊಳ್ಳುವುದೂ ಒಂದು ಗುರುತು ಹೊರಿಸಿದ ಹಾಗೆಯೇ. 2013ರ ನವರಾತ್ರಿಯಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದು ಸುದ್ದಿಯಾಯಿತು. ಮುಂದಿನ ಸಲ ನಿಮ್ಮ ಮನೆಯ ಗೌರಿ ಹಬ್ಬಕ್ಕೆ ಪಕ್ಕದ ಮನೆಯ ಅಜ್ಜಿಯನ್ನು ಕರೆದು ಕುಂಕುಮ ಕೊಡುವುದಕ್ಕೆ ಯಾವ ದೇವಸ್ಥಾನದ ಅಪ್ಪಣೆಯೂ ಬೇಕಿಲ್ಲ.

ಖಾಕಿ ಹಾಕಿದವರೆಲ್ಲ ಪೊಲೀಸಾ? ಭುಜದ ಮೇಲಿನ ಸ್ಟಾರ್ ಹೇಗೆ ಓದೋದು?

ಆಟೋ ಚಾಲಕರು, ಬಿಎಂಟಿಸಿ ಸಿಬ್ಬಂದಿ, ಹೋಂ ಗಾರ್ಡ್‌ಗಳು ಎಲ್ಲರೂ ಖಾಕಿಯೇ. ಟ್ರಾಫಿಕ್ ಪೊಲೀಸರದು ಬಿಳಿ ಅಂಗಿ, ಖಾಕಿ ಪ್ಯಾಂಟು.

ಪೊಲೀಸರಲ್ಲಿ ತೋಳಿನ ಮೇಲೆ ಮೂರು ಪಟ್ಟಿ ಇದ್ದರೆ ಹೆಡ್ ಕಾನ್‌ಸ್ಟೆಬಲ್. ಭುಜದ ಮೇಲೆ ಕೆಂಪು-ನೀಲಿ ಪಟ್ಟಿಯ ಜೊತೆ ಒಂದು ನಕ್ಷತ್ರ ಎಎಸ್ಐ, ಎರಡು ಪಿಎಸ್ಐ, ಮೂರು ಇನ್‌ಸ್ಪೆಕ್ಟರ್. ಮೂರು ನಕ್ಷತ್ರ ಇದ್ದು ಪಟ್ಟಿ ಇಲ್ಲದಿದ್ದರೆ ಎಸಿಪಿ ಅಥವಾ ಡಿವೈಎಸ್ಪಿ. ಅದರ ಮೇಲಿನವರಿಗೆ ಅಶೋಕ ಲಾಂಛನ ಬರುತ್ತದೆ. ನೀವು ಠಾಣೆಗೆ ದೂರು ಕೊಡಲು ಹೋದಾಗ ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಗೊತ್ತಾಗಲು ಇಷ್ಟು ಸಾಕು.

ಟೋಪಿಯ ಕಥೆ ಇನ್ನೂ ಸ್ವಾರಸ್ಯ. ನಮ್ಮಲ್ಲಿ 2025ರವರೆಗೆ ಕಾನ್‌ಸ್ಟೆಬಲ್‌ಗಳಿಗೆ ಒಂದು ಬದಿ ಮಡಚಿದ ಅಗಲ ಅಂಚಿನ ಟೋಪಿ, ಅಧಿಕಾರಿಗಳಿಗೆ ಮುಂದೆ ಚಾಚಿದ ಪೀಕ್ ಕ್ಯಾಪ್ ಇತ್ತು. ಅಂದರೆ ಅರ್ಧ ಕಿಲೋಮೀಟರ್ ದೂರದಿಂದಲೇ ಯಾರು ಆಳು, ಯಾರು ಸಾಹೇಬರು ಎಂದು ಗೊತ್ತಾಗಬೇಕಿತ್ತು. ಆ ಅಗಲ ಟೋಪಿ ಬಿಸಿಲಲ್ಲಿ, ಓಡುವಾಗ ಕಷ್ಟ ಎನ್ನುವ ದೂರು ಹಳೆಯದು. 2025ರ ಅಕ್ಟೋಬರಿನಲ್ಲಿ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೂ ನೀಲಿ ಪೀಕ್ ಕ್ಯಾಪ್ ಕೊಟ್ಟರು. ಕೇಳಿದರೆ ಸಣ್ಣ ವಿಷಯ. ತಲೆಯ ಮೇಲೆ ಇಡೀ ದಿನ ಹೊರುವವರಿಗೆ ಅದು ಸಣ್ಣದಲ್ಲ.

ಗಾಡಿ ನಂಬರ್ ನೋಡಿ ಏನೇನು ಗೊತ್ತಾಗುತ್ತೆ?

ಕೆಎ 05 ಜಯನಗರ, ಕೆಎ 02 ರಾಜಾಜಿನಗರ, ಕೆಎ 03 ಇಂದಿರಾನಗರ, ಕೆಎ 51 ಎಲೆಕ್ಟ್ರಾನಿಕ್ ಸಿಟಿ ಕಡೆ. ಬಿಳಿ ಫಲಕ ಸ್ವಂತದ್ದು, ಹಳದಿ ಬಾಡಿಗೆಯದು, ಹಸಿರು ಎಲೆಕ್ಟ್ರಿಕ್. ಸಂಖ್ಯೆಯ ಮುಂದೆ 'ಜಿ' ಇದ್ದರೆ ಸರ್ಕಾರಿ ಗಾಡಿ. ಫ್ಯಾನ್ಸಿ ನಂಬರನ್ನು ಸಾರಿಗೆ ಇಲಾಖೆಯೇ ಹರಾಜು ಹಾಕುತ್ತದೆ, ಹಾಗಾಗಿ ಅದು ದುಡ್ಡಿನ ಗುರುತು, ಅಧಿಕಾರದ್ದಲ್ಲ.

ಅಧಿಕಾರದ ಗುರುತಾಗಿದ್ದ ಕೆಂಪು ದೀಪವನ್ನು 2017ರ ಮೇ 1ರಿಂದ ಕೇಂದ್ರ ಸರ್ಕಾರ ಎಲ್ಲರ ಗಾಡಿಯಿಂದಲೂ ತೆಗೆಸಿತು. ಮಂತ್ರಿ, ನ್ಯಾಯಮೂರ್ತಿ ಯಾರಿಗೂ ಇಲ್ಲ. ದೀಪ ಹೋದ ಮೇಲೆ ಗಾಜಿನ ಮೇಲಿನ ಪಾಸು, "ಪ್ರೆಸ್", "ಮಾನವ ಹಕ್ಕು" ಅಂತೆಲ್ಲ ಬರೆಸಿದ ಬೋರ್ಡು ಆ ಜಾಗಕ್ಕೆ ಬಂದವು. ನಂಬರ್ ಫಲಕದ ಮೇಲೆ ನಂಬರ್ ಬಿಟ್ಟು ಬೇರೆ ಏನು ಬರೆಸಿದರೂ ನಿಯಮಕ್ಕೆ ವಿರುದ್ಧ. ಅಂಥ ಗಾಡಿ ನೋಡಿ ನೀವು ದಾರಿ ಬಿಡಬೇಕಾಗಿಲ್ಲ.

## ಸ್ವಲ್ಪ ಒಳಗೆ

ಫ್ರೀಡಂ ಪಾರ್ಕಲ್ಲಿ ಒಂದೊಂದು ದಿನ ಒಂದೊಂದು ಬಣ್ಣದ ಶಾಲು. ಯಾವುದು ಯಾರದು?

ಊರಿನ ಪ್ರತಿಭಟನೆಗಳೆಲ್ಲ ಸೇರುವ ಜಾಗ ಅದು. ಹಸಿರು ರೈತರದು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಕಾಲದಲ್ಲಿ ಆ ಶಾಲನ್ನು ರಾಜ್ಯದ ಹಳ್ಳಿಹಳ್ಳಿಗೆ ತಲುಪಿಸಿತು. ನೀಲಿ ದಲಿತ ಸಂಘಟನೆಗಳದು, ಅಂಬೇಡ್ಕರರ ಬಣ್ಣ. ಹಳದಿ-ಕೆಂಪು ಕನ್ನಡದ ಬಾವುಟದಿಂದ ಬಂದದ್ದು. ಆ ಬಾವುಟ 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಮಾಡಿದ್ದು. ಕೆಂಪು ಕಾರ್ಮಿಕ ಸಂಘಗಳದು, ಕೇಸರಿ ಹಿಂದೂ ಸಂಘಟನೆಗಳದು.

ಶಾಲಿಗೆ ಒಂದು ವಿಶೇಷ ಗುಣ ಇದೆ. ಅದು ಹತ್ತು ಸೆಕೆಂಡಿನಲ್ಲಿ ಹೆಗಲೇರುತ್ತದೆ, ಹತ್ತು ಸೆಕೆಂಡಿನಲ್ಲಿ ಇಳಿಯುತ್ತದೆ. ಮಂತ್ರಿಗಳು ರೈತರ ಸಭೆಯಲ್ಲಿ ಹಸಿರು ಹೊದ್ದು, ಮಧ್ಯಾಹ್ನ ರಾಜ್ಯೋತ್ಸವದ ವೇದಿಕೆಗೆ ಹಳದಿ-ಕೆಂಪು ಹೊದ್ದು ಬರುತ್ತಾರೆ. ಅದೇ ಹಸಿರು ಶಾಲು ಹಾಕಿಕೊಂಡು ಲಾಠಿ ಏಟು ತಿಂದವರ ಹೆಗಲಿನ ಮೇಲೆ ಅದರ ತೂಕ ಬೇರೆ.

ಐಡಿ ಕಾರ್ಡ್ ಟ್ಯಾಗನ್ನ ಆಫೀಸಿಂದ ಹೊರಗೂ ಯಾಕೆ ಹಾಕ್ಕೊಂಡು ಓಡಾಡ್ತಾರೆ?

ಬಹಳಷ್ಟು ಜನ ತೆಗೆಯಲು ಮರೆತಿರುತ್ತಾರೆ, ಅಷ್ಟೇ. ಕೆಲವರಿಗೆ ಅದು ಉಪಯೋಗಕ್ಕೂ ಬರುತ್ತದೆ. ಟ್ಯಾಗ್ ನೋಡಿದರೆ ಮನೆ ಬಾಡಿಗೆ ಕೇಳಲು ಹೋದಾಗ ಓನರ್ ಮುಖ ಸ್ವಲ್ಪ ಸಡಿಲ ಆಗುತ್ತದೆ. ಊರಿನಿಂದ ಬಂದು ಮೊದಲ ಕೆಲಸ ಸಿಕ್ಕಿದ ಹುಡುಗ ಹುಡುಗಿಗೆ ಆ ಟ್ಯಾಗ್ ಎಂದರೆ ಮನೆಯಲ್ಲಿ ಅಪ್ಪ ಅಮ್ಮ ಪಟ್ಟ ಕಷ್ಟಕ್ಕೆ ಸಿಕ್ಕ ಉತ್ತರ. ಅದನ್ನು ಹಾಕಿಕೊಂಡು ಫೋಟೊ ತೆಗೆಸಿ ಊರಿಗೆ ಕಳಿಸುವುದರಲ್ಲಿ ನಗುವಂಥದ್ದೇನೂ ಇಲ್ಲ.

ಆದರೆ ಟ್ಯಾಗಿನ ಒಳಗೂ ಮೇಲೆ ಕೆಳಗೆ ಇದೆ, ಅದು ಹೊರಗಿನವರಿಗೆ ಕಾಣುವುದಿಲ್ಲ. ಎಷ್ಟೋ ಕಂಪನಿಗಳಲ್ಲಿ ಪರ್ಮನೆಂಟ್ ನೌಕರರಿಗೆ ಒಂದು ಬಣ್ಣ, ಕಾಂಟ್ರಾಕ್ಟಿನವರಿಗೆ ಇನ್ನೊಂದು, ಹೌಸ್‌ಕೀಪಿಂಗ್‌ನವರಿಗೆ ಮತ್ತೊಂದು. ಅದೇ ಮೇಜು, ಅದೇ ಕೆಲಸ. ಆದರೆ ಬಸ್ಸಿನ ಪಾಸು, ಕ್ಯಾಂಟೀನ್ ರಿಯಾಯಿತಿ, ಹಬ್ಬದ ಗಿಫ್ಟು ಬಣ್ಣ ನೋಡಿ ಬದಲಾಗುತ್ತವೆ. ಗೇಟಿಗೆ ಯಾರನ್ನು ಒಳಗೆ ಬಿಡಬೇಕು ಎಂದು ತಿಳಿಯಲು ಕಾರ್ಡಿನ ಒಳಗಿನ ಚಿಪ್ ಸಾಕು. ಬಣ್ಣ ಮಾಡುವ ಕೆಲಸವೇ ಬೇರೆ. ಅದನ್ನು ಒಂದೇ ಮಾಡಿದರೆ ಯಾವ ಕಂಪನಿಗೂ ನಷ್ಟ ಇಲ್ಲ.

ಮಾಲೆ ಹಾಕಿದವರನ್ನ ಬಾಸ್ ಆಗಿದ್ರೂ ಎಲ್ಲರೂ 'ಸ್ವಾಮಿ' ಅಂತಾರಲ್ಲ, ಅದು ಹೇಗೆ?

ಅಯ್ಯಪ್ಪ ಮಾಲೆಯ ಸೊಗಸೇ ಅದು. ಮಾಲೆ ಹಾಕಿದ ಮೇಲೆ 41 ದಿನದ ವ್ರತ. ಕಪ್ಪು ಬಟ್ಟೆ, ಬರಿಗಾಲು, ನೆಲದ ಮೇಲೆ ಮಲಗುವುದು. ಆ ದಿನಗಳಲ್ಲಿ ಮ್ಯಾನೇಜರೂ ಸ್ವಾಮಿ, ಅವರ ಡ್ರೈವರೂ ಸ್ವಾಮಿ, ಹಿರಿಯರು ಕಿರಿಯರ ಕಾಲಿಗೂ ಬೀಳುತ್ತಾರೆ. ಮಾರ್ಗಶಿರ ಬಂತೆಂದರೆ ಶ್ರೀರಾಮಪುರ, ಮಲ್ಲೇಶ್ವರದ ಕಡೆ ಕಪ್ಪು ಬಟ್ಟೆ, ಅದರ ಜೊತೆಗೇ ಓಂ ಶಕ್ತಿ ಮಾಲೆ ಹಾಕಿದ ಹೆಣ್ಣುಮಕ್ಕಳ ಕೆಂಪು ಸೀರೆ. ಮನೆಗೆಲಸ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಎಷ್ಟೋ ಹೆಂಗಸರಿಗೆ ಆ ದಿನಗಳಲ್ಲಿ ಮನೆಯಲ್ಲೂ ಬೀದಿಯಲ್ಲೂ ಸಿಗುವ ಮರ್ಯಾದೆ ಬೇರೆ ದಿನ ಸಿಗುವುದಿಲ್ಲ. ಮಾಲೆ ತೆಗೆದ ಮೇಲೂ ಅದು ಉಳಿಯಬೇಕು ಎನ್ನುವುದು ನನ್ನ ಆಸೆ.

ಇಂಥ ತಾತ್ಕಾಲಿಕ ಗುರುತಿಗೆ ನಮ್ಮೂರಿನ ದೊಡ್ಡ ಉದಾಹರಣೆ ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳ ಸಮುದಾಯದ ಪೂಜಾರಿ ಹೆಣ್ಣಿನ ಉಡುಗೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆ ಹೊತ್ತು ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾದಲ್ಲಿ ನಿಂತು ಮುಂದೆ ಹೋಗುತ್ತದೆ. ಗಂಡು-ಹೆಣ್ಣು, ಹಿಂದೂ-ಮುಸ್ಲಿಂ ಎಂದು ಮಿಕ್ಕ ದಿನ ಬೇರೆ ಮಾಡುವ ಗುರುತುಗಳೆಲ್ಲ ಆ ರಾತ್ರಿ ಒಂದೇ ದಾರಿಯಲ್ಲಿ ಕಾಣುತ್ತವೆ.

ನಿಜವಾದ ಶ್ರೀಮಂತರು ಸಿಂಪಲ್ಲಾಗಿ ಇರ್ತಾರೆ ಅಂತಾರೆ. ಹೌದಾ?

ಕೆಲವರು ಇರುತ್ತಾರೆ. ಅವರಿಗೆ ಇರಲು ಆಗುತ್ತದೆ ಎನ್ನುವುದು ಮುಖ್ಯ. ದೊಡ್ಡ ಕಂಪನಿಯ ಮಾಲೀಕರು ಹವಾಯಿ ಚಪ್ಪಲಿಯಲ್ಲಿ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಎದ್ದು ನಿಲ್ಲುತ್ತಾರೆ, ಅದೇ ಚಪ್ಪಲಿಯಲ್ಲಿ ಹೂ ಮಾರುವವರು ಹೋದರೆ ಸೆಕ್ಯುರಿಟಿ ಬಾಗಿಲಲ್ಲೇ ತಡೆದು ಏನು ಬೇಕು ಅನ್ನುತ್ತಾರೆ. ಸರಳತೆ ಹೊಗಳಿಕೆ ತರುವುದು ಹಿಂದೆ ಆಸ್ತಿ ಇದೆ ಎಂದು ಜನಕ್ಕೆ ಗೊತ್ತಿದ್ದಾಗ ಮಾತ್ರ.

ದುಡ್ಡು ಇರುವುದನ್ನು ತೋರಿಸಲೆಂದೇ ಖರ್ಚು ಮಾಡುವ ಅಭ್ಯಾಸದ ಬಗ್ಗೆ ಅಮೆರಿಕದ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಬರೆದರು. ಆದರೆ ಬಡವರು ಇಎಂಐ ಕಟ್ಟಿ ದುಬಾರಿ ಫೋನು ತೆಗೆದುಕೊಂಡರೆ "ಶೋಕಿ" ಎಂದು ಬೈಯುವ ಮುಂಚೆ ನಿಧಾನಿಸಿ. ಅವರಿಗೆ ಆ ಫೋನು ಎಷ್ಟೋ ಕಡೆ ಮುಖದ ಮೇಲೆ ಬಾಗಿಲು ಹಾಕಿಸಿಕೊಳ್ಳದೆ ಇರುವ ದಾರಿ.

ಮೈಸೂರು ಸಿಲ್ಕ್ ಸೀರೆಗೆ ಜನ ಬೆಳಗಿನ ಜಾವಾನೇ ಕ್ಯೂ ನಿಲ್ತಾರೆ. ಸೀರೆಗೆ ಅಷ್ಟೊಂದು ಯಾಕೆ?

ಸೀರೆ ಚೆನ್ನಾಗಿರುತ್ತದೆ, ಅದು ಮೊದಲ ಕಾರಣ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆ, ಈಗ ಸರ್ಕಾರದ ರೇಷ್ಮೆ ನಿಗಮ ಕೆಎಸ್ಐಸಿ ನಡೆಸುತ್ತದೆ. ಅಪ್ಪಟ ರೇಷ್ಮೆ, ಚಿನ್ನದ ಜರಿ, ಪ್ರತಿ ಸೀರೆಗೂ ಅದರದೇ ಸಂಖ್ಯೆ. ಬೇಕು ಅನ್ನುವವರು ತುಂಬಾ ಜನ, ನೇಯ್ದು ಬರುವ ಸೀರೆ ಕಡಿಮೆ. ಗುರುತಾಗಿ ಕೆಲಸ ಮಾಡಲು ಬೇಕಾದ್ದೆಲ್ಲ ಇಲ್ಲಿದೆ: ಸುಲಭಕ್ಕೆ ಸಿಗಬಾರದು, ನಕಲಿ ಮಾಡಿದರೆ ಸಿಕ್ಕಿಬೀಳಬೇಕು, ಗೊತ್ತಿರುವವರು ನೋಡಿದ ಕೂಡಲೇ ಕಂಡುಹಿಡಿಯಬೇಕು. ಮದುವೆ ಮನೆಯಲ್ಲಿ ಸೆರಗು ಮುಟ್ಟಿ ನೋಡುವ ಅತ್ತೆಯಂದಿರ ಕೈಗೆ ಯಾವ ಹಾಲೋಗ್ರಾಂ ಕೂಡ ಬೇಕಾಗಿಲ್ಲ.

ಹಚ್ಚೆ ಹಾಕ್ಸಿದ್ರೆ ಅಜ್ಜಿ ಬೈತಾರೆ, ಆದ್ರೆ ಅಜ್ಜಿ ಕೈಮೇಲೇ ಹಚ್ಚೆ ಇದೆ!

ಹಳೇ ತಲೆಮಾರಿನ ಹಳ್ಳಿ ಹೆಂಗಸರ ಕೈ, ಗಲ್ಲದ ಮೇಲೆ ಹಚ್ಚೆ ಇರುತ್ತಿತ್ತು. ಊರಿಗೆ ಬರುವ ಕೊರವಂಜಿಯರು ಹಾಕುತ್ತಿದ್ದರು. ಪೇಟೆಗೆ ಬಂದ ಮೇಲೆ ಅದೇ ಹಚ್ಚೆ "ಹಳ್ಳಿಯವರು" ಎಂದು ತೋರಿಸಿಕೊಡುವ ಗುರುತಾಯಿತು, ಮುಂದಿನ ತಲೆಮಾರು ಬಿಟ್ಟಿತು. ಈಗ ಇಂದಿರಾನಗರದ ಸ್ಟುಡಿಯೊದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸುತ್ತಾರೆ. ರಾಗಿ ಮುದ್ದೆಯದೂ ಇದೇ ಕಥೆ. ಅನ್ನ ಉಣ್ಣುವವರು ಮೇಲು, ಮುದ್ದೆ ಉಣ್ಣುವವರು ಕೆಳಗೆ ಎನ್ನುತ್ತಿದ್ದ ಕಾಲ ಹೋಗಿ, ಸಿರಿಧಾನ್ಯ ಎಂದು ಡಾಕ್ಟರ್ ಬಾಯಲ್ಲೇ ಹೇಳಿಸಿಕೊಂಡು ತಿನ್ನುವ ಕಾಲ ಬಂದಿದೆ. ಅಜ್ಜಿ ಬೈಯುವುದು ಆ ಹಳೆಯ ನಾಚಿಕೆ ನೆನಪಾಗಿ ಇರಬಹುದು. ಅವರ ಹತ್ತಿರ ಕೂತು ಆ ಹಚ್ಚೆಯ ಕಥೆ ಕೇಳಿ.

## ಕಷ್ಟದ ಪ್ರಶ್ನೆಗಳು

ಮಾಲ್ ಅವರದ್ದು, ಡ್ರೆಸ್ ಕೋಡ್ ಅವರಿಷ್ಟ ಅಲ್ವಾ? ಪಂಚೆ ವಿಷಯಕ್ಕೆ ಅಷ್ಟೊಂದು ಗಲಾಟೆ ಯಾಕಾಯ್ತು?

2024ರ ಜುಲೈನಲ್ಲಿ ಮಾಗಡಿ ರಸ್ತೆಯ ಒಂದು ಮಾಲ್‌ನಲ್ಲಿ ಆದದ್ದು. ಹಾವೇರಿ ಕಡೆಯ ವಯಸ್ಸಾದ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದರು. ಬಿಳಿ ಅಂಗಿ, ಪಂಚೆ. ಪಂಚೆ ಉಟ್ಟವರನ್ನು ಬಿಡುವುದಿಲ್ಲ ಎಂದು ಬಾಗಿಲಲ್ಲೇ ತಡೆದರು. ವಿಡಿಯೊ ಹರಡಿತು, ಪ್ರತಿಭಟನೆ ಆಯಿತು, ಮಾಲ್‌ನವರು ಕ್ಷಮೆ ಕೇಳಿದರು, 7 ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ಕೊಳೆ ಎಂದು ತಡೆದಿದ್ದರು. ಅವರ ಹತ್ತಿರ ಟಿಕೆಟ್ ಇತ್ತು. ಜೊತೆಗಿದ್ದ ಪ್ರಯಾಣಿಕರೇ ಅವರ ಪರವಾಗಿ ನಿಂತು ಜಗಳ ಮಾಡಿದರು, ತಡೆದವರು ಕೆಲಸ ಕಳೆದುಕೊಂಡರು.

ಈಗ ಪಂಚೆಯ ವಿಷಯ. ಎಚ್.ಡಿ. ದೇವೇಗೌಡರು 1996ರಲ್ಲಿ ಪಂಚೆಯಲ್ಲೇ ಪ್ರಧಾನಿಯಾದರು. ಸಿದ್ದರಾಮಯ್ಯನವರು ಪಂಚೆಯಲ್ಲೇ ವಿಧಾನಸೌಧಕ್ಕೆ ಹೋಗುತ್ತಾರೆ. ಜರಿ ಅಂಚಿನ ಪಂಚೆ ಉಟ್ಟು ದೊಡ್ಡ ಕಾರಿನಿಂದ ಇಳಿದವರನ್ನು ಈ ಊರಿನ ಯಾವ ಸೆಕ್ಯುರಿಟಿಯೂ ತಡೆಯುವುದಿಲ್ಲ. ಹಾಗಾದರೆ ತಡೆದದ್ದು ಪಂಚೆಯನ್ನಲ್ಲ, ಬಿಸಿಲಿಗೆ ಕಪ್ಪಾದ ಮುಖವನ್ನು, ಒಡೆದ ಹಿಮ್ಮಡಿಯನ್ನು. ಇದೇ ನನಗೆ ಸಿಟ್ಟು ತರಿಸುವುದು.

ಖಾಸಗಿ ಕ್ಲಬ್‌ಗಳ ವಿಷಯ ಬೇರೆ. 1868ರಷ್ಟು ಹಳೆಯ ಬೆಂಗಳೂರು ಕ್ಲಬ್‌ನಂಥ ಕಡೆ ಸದಸ್ಯರೇ ನಿಯಮ ಮಾಡಿಕೊಂಡಿರುತ್ತಾರೆ, ಅದರ ಬಗ್ಗೆಯೂ ವಾದ ಇದೆ. ಆದರೆ ಮಾಲ್, ಹೋಟೆಲ್, ಸಿನಿಮಾ ಮಂದಿರ ಎಲ್ಲರಿಗೂ ತೆರೆದ ಜಾಗ. ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ಯಾರನ್ನೂ ತಡೆಯಬಾರದು ಎಂದು ಸಂವಿಧಾನದ 15(2)ನೇ ವಿಧಿ ಹೇಳುತ್ತದೆ. ಅದರಲ್ಲಿ ಬಟ್ಟೆ ಎಂದು ಬರೆದಿಲ್ಲ. ಆದರೆ ಬಟ್ಟೆ ನೋಡಿ ತಡೆಯುವವರು ಓದುತ್ತಿರುವುದು ಹೆಚ್ಚಾಗಿ ಇವನ್ನೇ. ಇನ್ನೊಂದು ಮಾತು: ಬಾಗಿಲಲ್ಲಿ ತಡೆಯುವ ಗಾರ್ಡ್ ಕೂಡ ಬಡವರೇ, 12 ಗಂಟೆ ನಿಂತು ದುಡಿಯುವವರು. ನಿಯಮ ಮಾಡಿದವರು ಎಸಿ ಕೋಣೆಯಲ್ಲಿ ಇರುತ್ತಾರೆ, ಕೆಲಸ ಹೋಗುವುದು ಗಾರ್ಡ್‌ದು.

ಕೆಳಜಾತಿಯವರು ಮೇಲ್ಜಾತಿಯವರ ಹಾಗೆ ಉಡುಗೆ ತೊಡುಗೆ ಮಾಡಿದ್ರೆ ಅದು ಬರೀ ಅನುಕರಣೆ ಅಲ್ವಾ?

ಮೈಸೂರಿನಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಸಂಸ್ಕೃತೀಕರಣ ಎಂದು ಹೆಸರು ಕೊಟ್ಟರು. ಕೆಳಗಿನ ಜಾತಿಯೊಂದು ಮೇಲಿನವರ ಊಟ, ಆಚಾರ, ಉಡುಗೆ ತೆಗೆದುಕೊಂಡು ಒಂದೆರಡು ತಲೆಮಾರಿನಲ್ಲಿ ಮೆಟ್ಟಿಲು ಹತ್ತಲು ನೋಡುತ್ತದೆ ಎನ್ನುವುದು ಅವರು ಕಂಡದ್ದು. ಅದು ನಿಜವೇ. ಆದರೆ ಪೂರ್ತಿ ಕಥೆ ಅಲ್ಲ.

ಯಾಕೆಂದರೆ ಎಷ್ಟೋ ಕಡೆ ಕೆಳಗಿನವರಿಗೆ "ನೀವು ಇಂಥದ್ದನ್ನು ಹಾಕುವಂತಿಲ್ಲ" ಎಂಬ ಕಟ್ಟಳೆ ಇತ್ತು. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗೆ ದಶಕಗಳ ಕಾಲ ಹೋರಾಡಬೇಕಾಯಿತು, 1859ರಲ್ಲಿ ಅಲ್ಲಿನ ಅರಸರ ಅಪ್ಪಣೆ ಬಂತು. ಅಂಬೇಡ್ಕರರು 1927ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಹೆಂಗಸರನ್ನು ಉದ್ದೇಶಿಸಿ ಮಾತಾಡಿದಾಗ, ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಉಡುವುದನ್ನೂ ಜಾತಿ ತೋರಿಸುವ ಭಾರದ ಒಡವೆಗಳನ್ನೂ ಬಿಡಲು ಹೇಳಿದರು. ಅವರ ಸೂಟನ್ನೂ ಹೀಗೇ ನೋಡಬೇಕು. ವಿಧಾನಸೌಧದ ಮುಂದಿನ ಪ್ರತಿಮೆಯಲ್ಲೂ ಅವರು ಕೋಟು ಹಾಕಿಯೇ ನಿಂತಿದ್ದಾರೆ. ಇನ್ನೊಬ್ಬರು ಹೊರಿಸಿದ ಗುರುತನ್ನು ಕಿತ್ತು ಹಾಕುವುದಕ್ಕೆ ಅನುಕರಣೆ ಎಂದು ಹೆಸರಿಡುವುದು ಅನ್ಯಾಯ. ಇವತ್ತಿಗೂ ದಲಿತ ಮದುಮಗ ಕುದುರೆ ಹತ್ತಿದ, ಹೊಸ ಬೈಕಿನಲ್ಲಿ ಊರೊಳಗೆ ಬಂದ ಎಂದು ಹಲ್ಲೆ ಆಗುವ ಸುದ್ದಿ ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ಹೊಡೆಯುವವರಿಗೆ ಅಲ್ಲಿ ಕಂಡದ್ದು ಕುದುರೆ ಅಲ್ಲ, ತಲೆ ಎತ್ತಿದ ಮನುಷ್ಯ.

ಹಿಜಾಬ್ ಬೇಡ ಅಂದ್ರು, ಆಮೇಲೆ ಜನಿವಾರ ತೆಗಿ ಅಂದ್ರು, ತಾಳಿ ತೆಗಿ ಅಂದ್ರು. ಎಲ್ಲಾ ಒಂದೇ ಅಲ್ವಾ?

ಮೊದಲು ಆದದ್ದು ಏನು ನೋಡೋಣ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ರಾಜ್ಯ ಸರ್ಕಾರದ ಆದೇಶ, ತರಗತಿಯಲ್ಲಿ ಹಿಜಾಬಿಗೆ ತಡೆ ಅದರ ಮೇಲೆಯೇ ನಿಂತಿತ್ತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು, ವಿಷಯ ದೊಡ್ಡ ಪೀಠಕ್ಕೆ ಹೋಯಿತು. 2023ರ ನವೆಂಬರಿನಲ್ಲಿ ಕಲಬುರಗಿಯ ನೇಮಕಾತಿ ಪರೀಕ್ಷೆಯೊಂದರಲ್ಲಿ ಹೆಂಗಸರಿಗೆ ತಾಳಿ ತೆಗೆಯಲು ಹೇಳಿದರು ಎಂದು ಗಲಾಟೆ. 2025ರ ಏಪ್ರಿಲಿನ ಸಿಇಟಿಯಲ್ಲಿ ಬೀದರ್, ಶಿವಮೊಗ್ಗದಲ್ಲಿ ಜನಿವಾರದ ಗಲಾಟೆ.

ಮೂರೂ ಒಂದೇ ಅಲ್ಲ. ಪರೀಕ್ಷೆಯಲ್ಲಿ ತಪಾಸಣೆ ಮಾಡುವುದು ಕೆಲವು ಗಂಟೆಯ ಮಾತು, ನಕಲು ತಡೆಯಲು. ತರಗತಿಯ ನಿಯಮ ವರ್ಷಗಟ್ಟಲೆಯದು. ಆದರೂ ಮೂರಕ್ಕೂ ನಾನು ಕೇಳುವುದು ಒಂದೇ: ಆ ವಸ್ತು ಅಲ್ಲಿ ನಡೆಯುವ ಕೆಲಸಕ್ಕೆ ಅಡ್ಡ ಬರುತ್ತಾ? ದಾರದೊಳಗೆ ಯಾವ ಬ್ಲೂಟೂತ್ ಯಂತ್ರವೂ ಕೂರುವುದಿಲ್ಲ. ಕಿವಿ ಮುಚ್ಚಿದ್ದರೆ ಹೆಣ್ಣು ಸಿಬ್ಬಂದಿ ಪಕ್ಕದ ಕೋಣೆಯಲ್ಲಿ ಒಂದು ನಿಮಿಷ ನೋಡಿ ಕಳಿಸಬಹುದು. ಪಾಠ ಕೇಳಲು ತಲೆಯ ಮೇಲಿನ ಬಟ್ಟೆ ಅಡ್ಡಿ ಅಲ್ಲ. ಜನಿವಾರಕ್ಕೆ ನೊಂದುಕೊಂಡವರು ಹಿಜಾಬಿನ ಹುಡುಗಿಯ ನೋವಿಗೂ ಮರುಗಬೇಕು, ಹಿಜಾಬಿಗೆ ನಿಂತವರು ಜನಿವಾರದ ಹುಡುಗನ ಪರವಾಗಿಯೂ ಮಾತಾಡಬೇಕು. 2022ರಲ್ಲಿ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ನೀಲಿ ಶಾಲು ಹಾಕಿದ ದಲಿತ ವಿದ್ಯಾರ್ಥಿಗಳು ಹಿಜಾಬಿನ ಗೆಳತಿಯರ ಪರ ನಿಂತದ್ದು ನನಗೆ ಈಗಲೂ ಇಷ್ಟದ ನೆನಪು.

ಮನೆಯವರ ಒತ್ತಾಯಕ್ಕೆ ಹಾಕಿಕೊಂಡ ಹುಡುಗಿಯರೂ ಇರುತ್ತಾರಲ್ಲ ಎಂದು ಕೇಳುತ್ತಾರೆ. ಇರುತ್ತಾರೆ, ಎಲ್ಲ ಧರ್ಮದಲ್ಲೂ. ಅವರಿಗೆ ಒತ್ತಾಯದಿಂದ ಹೊರಗೆ ಬರಲು ಇರುವ ದಾರಿಯೇ ಕಾಲೇಜು. ಅದರ ಗೇಟು ಮುಚ್ಚಿದರೆ ಲಾಭ ಒತ್ತಾಯ ಮಾಡಿದವರಿಗೆ.

ನಮ್ಮ ಅಪಾರ್ಟ್‌ಮೆಂಟಲ್ಲಿ ಮನೆಕೆಲಸದವರಿಗೆ ಬೇರೆ ಲಿಫ್ಟ್. ಸಾಮಾನು ತರ್ತಾರೆ ಅಂತ ಅಷ್ಟೇ, ತಪ್ಪೇನು?

ಸಾಮಾನಿಗೆ ಬೇರೆ ಲಿಫ್ಟ್ ಇರಲಿ. ಹಾಗಾದರೆ ಬೋರ್ಡಿನ ಮೇಲೆ "ಸಾಮಾನು" ಎಂದು ಬರೆಯಿರಿ, ಮನುಷ್ಯರ ಕೆಲಸದ ಹೆಸರು ಬೇಡ. ಫ್ಲಾಟಿನ ಮಾಲೀಕರು ಸಿಲಿಂಡರ್ ತಂದರೆ ಯಾವ ಲಿಫ್ಟ್? ಬರಿಗೈಯಲ್ಲಿ ಬಂದ ಅಡುಗೆಯವರು ಯಾವ ಲಿಫ್ಟ್? ಈ ಎರಡು ಪ್ರಶ್ನೆ ಅಸೋಸಿಯೇಷನ್ ಸಭೆಯಲ್ಲಿ ಕೇಳಿ, ನಿಯಮ ಯಾವುದರ ಬಗ್ಗೆ ಎಂದು ಗೊತ್ತಾಗುತ್ತದೆ.

ನನಗೆ ಗೊತ್ತಿರುವ ಮನೆಯೊಂದರಲ್ಲಿ ಅಡುಗೆ ಮಾಡುವ ಅಕ್ಕನಿಗೆ ಬೇರೆ ಲೋಟ, ಸಿಂಕಿನ ಕೆಳಗೆ ಇಟ್ಟಿರುತ್ತಾರೆ. ಅವರ ಕೈಯಡುಗೆಯನ್ನು ಮನೆ ಮಂದಿಯೆಲ್ಲ ಉಣ್ಣುತ್ತಾರೆ. ಕೈ ಶುಚಿಯಾಗಿದೆ, ಬಾಯಿ ಶುಚಿ ಇಲ್ಲ ಎನ್ನುವ ಲೆಕ್ಕ ಯಾವ ವೈದ್ಯರೂ ಕೊಟ್ಟದ್ದಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವುದೇ ರೂಪದಲ್ಲಿ ಆಚರಿಸುವುದನ್ನು ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಇಟ್ಟಿದೆ. ಆ ಲೋಟವನ್ನು ಮಿಕ್ಕ ಲೋಟಗಳ ಜೊತೆ ಇಡಲು ಕಾನೂನಿಗೆ ಕಾಯಬೇಕಾಗಿಯೂ ಇಲ್ಲ.

ಬೆಂಗಳೂರಲ್ಲಿ ಯಾರೂ ಜಾತಿ ಕೇಳಲ್ಲ. ಇದೆಲ್ಲ ಹಳ್ಳಿ ಕಡೆ ಅಲ್ವಾ?

ಬಾಡಿಗೆ ಮನೆ ಹುಡುಕಿದವರು ಹೀಗೆ ಕೇಳುವುದಿಲ್ಲ. "ನಿಮ್ಮ ಪೂರ್ತಿ ಹೆಸರು?" "ಊರು ಯಾವುದು?" "ಮನೆದೇವರು ಯಾರು?" "ನಾವು ವೆಜ್‌ನವರಿಗೆ ಮಾತ್ರ ಕೊಡೋದು." ಜಾತಿ ಎನ್ನುವ ಮಾತೇ ಬರದೆ ನಾಲ್ಕು ಪ್ರಶ್ನೆಯಲ್ಲಿ ಕೆಲಸ ಮುಗಿಯುತ್ತದೆ. ಮುಸ್ಲಿಂ ಹೆಸರಾದರೆ ಮೊದಲ ಪ್ರಶ್ನೆಯಲ್ಲೇ ಮನೆ "ಈಗಷ್ಟೇ ಹೋಯ್ತು".

ಮಾತಿನ ಧಾಟಿಯೂ ಹೀಗೇ. ವಿಲಿಯಂ ಬ್ರೈಟ್, ಎ.ಕೆ. ರಾಮಾನುಜನ್ ಅವರಂಥ ಭಾಷಾಶಾಸ್ತ್ರಜ್ಞರು 1960ರ ದಶಕದಲ್ಲೇ ಕನ್ನಡ, ತಮಿಳಿನಲ್ಲಿ ಜಾತಿಗೆ ತಕ್ಕಂತೆ ಮಾತು ಬದಲಾಗುವುದನ್ನು ಬರೆದಿಟ್ಟರು. "ಹಾಲು" ಎನ್ನಲು "ಆಲು" ಎಂದವರನ್ನು ತರಗತಿಯಲ್ಲಿ ನಗುವುದು, ಟಿವಿ ಹಾಸ್ಯದಲ್ಲಿ ಆಳಿನ ಪಾತ್ರಕ್ಕೇ ಆ ಧಾಟಿ ಕೊಡುವುದು ಈಗಲೂ ನಡೆದಿದೆ. ಧಾರವಾಡದ "ಹೌದ್ರಿ", ಮಂಡ್ಯದ "ಏನ್ಲಾ", ಮಂಗಳೂರಿನ ಬಿಡಿಸಿ ಆಡುವ ಕನ್ನಡ ಎಲ್ಲಕ್ಕೂ ಈ ಊರಲ್ಲಿ ಜಾಗ ಇದೆ. ಕಾಲ್ ಸೆಂಟರಿಗೆ ಸೇರಿದ ಹುಡುಗಿ ವಾರದೊಳಗೆ ಇಂಗ್ಲಿಷಿನ ಧಾಟಿ ಬದಲಿಸುತ್ತಾಳೆ. ಆದರೆ ತನ್ನ ಮನೆಯ ಕನ್ನಡವನ್ನು ಆಫೀಸಿನ ಕ್ಯಾಂಟೀನಿನಲ್ಲಿ ಜೋರಾಗಿ ಆಡಲು ಅಂಜುತ್ತಾಳೆ ಅಂದರೆ ತಪ್ಪು ಅವಳದಲ್ಲ.

ಮಗುವಿಗೆ ಜಾತಿ ಗೊತ್ತಾಗದ ಹೆಸರು ಇಡಬೇಕು ಅಂತಿದ್ದೀವಿ. ಸರ್‌ನೇಮ್ ಇಲ್ಲದಿದ್ರೆ ಮುಂದೆ ತೊಂದರೆ ಆಗುತ್ತಾ?

ಹಳೇ ಮೈಸೂರು ಕಡೆ ಸರ್‌ನೇಮ್ ಇಲ್ಲದೆಯೇ ತಲೆಮಾರುಗಳು ನಡೆದಿವೆ. ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ಹೆಸರು. ತೊಂದರೆ ಬರುವುದು ಪಾಸ್‌ಪೋರ್ಟ್ ಮಾಡಿಸುವಾಗ. ಅಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಹಾಗಾಗಿ ಊರಿನ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಶಾಲೆಯ ದಾಖಲೆಗೂ ಅದಕ್ಕೂ ಹೊಂದಿಕೆ ಆಗುವುದಿಲ್ಲ. ಅದಕ್ಕೆ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಅಮ್ಮನ ಹೆಸರು, ಅಪ್ಪನ ಹೆಸರು, ಇಬ್ಬರದೂ, ಅಥವಾ ಮಗುವಿಗೇ ಎರಡನೆಯ ಹೆಸರು, ಯಾವುದಾದರೂ ಸರಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ಮೂರರಲ್ಲೂ ಒಂದೇ ಕಾಗುಣಿತ ಇರಲಿ. ಹುಟ್ಟಿದ ಕೂಡಲೇ ಹೆಸರು ತೋಚದಿದ್ದರೆ ಗಾಬರಿ ಬೇಡ. ಹೆಸರಿಲ್ಲದೆಯೇ ಜನನ ನೋಂದಣಿ ಮಾಡಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕ ಇಲ್ಲದೆ, 15 ವರ್ಷದವರೆಗೆ ಸಣ್ಣ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು.